ಕಚ್ಚಾ ಬಿಂಬ ಮತ್ತು ಸಂಸ್ಕರಿತ ಬಿಂಬ: ಹಸ್ತಪ್ರತಿ ಛಾಯಾಗ್ರಹಣದ ಪ್ರಾಮಾಣ್ಯವಿಚಾರ

ಪ್ರಾಚೀನ ಕೃತಿಯೊಂದನ್ನು ಸಂಪಾದಿಸಹೊರಟ ವಿದ್ವಾಂಸನ ಮುಂದೆ ಇಂದು ಓಲೆಯ ಕಟ್ಟು ಇರುವುದು ಅಪರೂಪ. ಇರುವುದು ಗಣಕಯಂತ್ರದ ತೆರೆ. ಮಠದ ಭಂಡಾರದಲ್ಲಿಯೋ ಬಸದಿಯ ಪೆಟ್ಟಿಗೆಯಲ್ಲಿಯೋ ಇರುವ ಗರಿಗಳನ್ನು ಯಾರೋ ಒಮ್ಮೆ ಛಾಯಾಚಿತ್ರ ತೆಗೆದಿರುತ್ತಾರೆ. ಆ ಚಿತ್ರಗಳು ಕೈಯಿಂದ ಕೈಗೆ ಸಾಗಿ ಸಂಪಾದಕನನ್ನು ತಲುಪುತ್ತವೆ. ಅವುಗಳನ್ನು ನೋಡಿಯೇ ಪಾಠನಿರ್ಣಯ ನಡೆಯುತ್ತದೆ. ಆದರೆ ಗ್ರಂಥದ ಪೀಠಿಕೆಯಲ್ಲಿ ತಾಡವೋಲೆಯ ಪ್ರತಿಯನ್ನು ಪರಿಶೀಲಿಸಲಾಗಿದೆ ಎಂದೇ ಅಚ್ಚಾಗುತ್ತದೆ. ಪರಿಶೀಲಿಸಿದ್ದು ಓಲೆಯನ್ನಲ್ಲ, ಓಲೆಯ ಬಿಂಬವನ್ನು. ಬಿಂಬಗಳಲ್ಲಿಯೂ ಬಹುಮಟ್ಟಿಗೆ ಮೊದಲನೆಯದನ್ನಲ್ಲ, ಎರಡನೆಯದನ್ನೋ ಮೂರನೆಯದನ್ನೋ. ಗರಿಯ ಉದ್ದಗಲ, ಪುಟವೊಂದರ ಪಂಕ್ತಿಗಳು, ರಂಧ್ರಗಳ ಸಂಖ್ಯೆ, ಲಿಪಿಕಾರನ ಕೈಬರಹದ ಗುಣ ಇವನ್ನೆಲ್ಲ ತಪ್ಪದೆ ನಮೂದಿಸುವ ಸಂಪಾದಕರು ತಾವು ಕಂಡ ಬಿಂಬ ಯಾವ ಬಗೆಯದು ಎಂಬುದನ್ನು ನಮೂದಿಸುವುದಿಲ್ಲ. ಈ ಮೌನ ಅಜ್ಞಾನದಿಂದ ಬಂದುದೇ ಹೊರತು ಅಪ್ರಾಮಾಣಿಕತೆಯಿಂದಲ್ಲ. ಆದರೂ ಅದರ ಪರಿಣಾಮ ಪಾಠದ ಮೇಲೆ ಬೀಳುತ್ತದೆಯಾದುದರಿಂದ ವಿಷಯವು ವಿಚಾರಾರ್ಹವಾಗಿದೆ.

ಡಿಜಿಟಲ್ ಕ್ಯಾಮೆರಾ ತೆಗೆದ ಚಿತ್ರವನ್ನು ಎರಡು ರೀತಿಯಲ್ಲಿ ಉಳಿಸಬಹುದು. ಸಂವೇದಕದ ಮೇಲೆ ಬಿದ್ದ ಬೆಳಕಿನ ಅಳತೆಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಬರೆದಿಡುವುದು ಒಂದು. ಇದಕ್ಕೆ ‘ರಾ’ ಎಂದು ಹೆಸರು, ಕಚ್ಚಾ ಎಂದು ಅರ್ಥ. ಆ ಅಳತೆಗಳನ್ನು ಕ್ಯಾಮೆರಾದೊಳಗಿನ ಯಂತ್ರವೇ ಪಾಕಮಾಡಿ, ಬಣ್ಣ ಕೂಡಿಸಿ, ಅಡಕಗೊಳಿಸಿ, ನೋಡಲು ಸಿದ್ಧವಾದ ಚಿತ್ರವನ್ನಾಗಿ ಕೊಡುವುದು ಇನ್ನೊಂದು. ಇದರ ಪ್ರಸಿದ್ಧ ರೂಪ ‘ಜೆಪೆಗ್’. ಈ ಎರಡರ ಬಗೆಗೆ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಅಕ್ಷರ ಕಂಡರಾಯಿತು, ಜೆಪೆಗ್ ಸಾಕು ಎಂಬುದು ಭಂಡಾರಗಳ ಪಾಲಕರ ಮಾತು. ರಾ ಒಂದೇ ಸತ್ಯ, ಮಿಕ್ಕುದೆಲ್ಲ ಕೃತಕ ಎಂಬುದು ಛಾಯಾಗ್ರಾಹಕರಲ್ಲಿ ಹಲವರ ಮಾತು. ಮೊದಲನೆಯದು ಅಪಾಯಕರ, ಎರಡನೆಯದು ಅರ್ಧ ಮಾತ್ರ ನಿಜ.

ಕಚ್ಚಾ ಕಡತವೆಂಬುದು ಚಿತ್ರವೇ ಅಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಕ್ಯಾಮೆರಾದ ಸಂವೇದಕವು ಲಕ್ಷಾಂತರ ಸಣ್ಣ ಕೋಶಗಳ ಒಂದು ಹಾಸು. ಪ್ರತಿ ಕೋಶವೂ ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣವನ್ನು ಅಳೆಯುತ್ತದೆಯೇ ಹೊರತು ಬಣ್ಣವನ್ನು ಅರಿಯದು. ಬಣ್ಣವನ್ನು ಪಡೆಯುವುದಕ್ಕಾಗಿ ಕೋಶಗಳ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಳನ್ನು ಚದುರಂಗದ ಮಣೆಯಂತೆ ಹರಡುವ ಉಪಾಯವನ್ನು ಈಸ್ಟ್‌ಮನ್ ಕೊಡಾಕ್ ಸಂಸ್ಥೆಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಕಂಡುಹಿಡಿದನು. ಅದಕ್ಕೆ 1976ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಈ ವಿನ್ಯಾಸದಲ್ಲಿ ಕೋಶಗಳ ಅರ್ಧಭಾಗ ಹಸಿರು, ಕಾಲುಭಾಗ ಕೆಂಪು, ಉಳಿದ ಕಾಲುಭಾಗ ನೀಲಿ. ಮನುಷ್ಯನ ಕಣ್ಣು ಹಸಿರಿನ ಸೀಮೆಯಲ್ಲಿ ಹೆಚ್ಚು ಸೂಕ್ಷ್ಮವಾಗಿರುವುದೇ ಈ ಪಕ್ಷಪಾತಕ್ಕೆ ಕಾರಣ. ಇಂದಿನ ಬಹುಪಾಲು ಕ್ಯಾಮೆರಾಗಳು ಈ ಮಾರ್ಗವನ್ನೇ ಅನುಸರಿಸುತ್ತವೆ.

ಇದರ ಫಲಿತಾರ್ಥವನ್ನು ಲೆಕ್ಕಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. 240 ಲಕ್ಷ ಕೋಶಗಳುಳ್ಳ ಕ್ಯಾಮೆರಾ ಒಂದು ಚಿತ್ರಕ್ಕೆ 240 ಲಕ್ಷ ಅಳತೆಗಳನ್ನು ಕೊಡುತ್ತದೆ. ಆದರೆ ನೋಡತಕ್ಕ ವರ್ಣಚಿತ್ರದಲ್ಲಿ ಪ್ರತಿ ಬಿಂದುವಿಗೂ ಮೂರು ಬಣ್ಣಗಳ ಬೆಲೆ ಬೇಕು. ಅಂದರೆ ಒಟ್ಟು 720 ಲಕ್ಷ ಸಂಖ್ಯೆಗಳು. ಉಳಿದ 480 ಲಕ್ಷ ಎಲ್ಲಿಂದ ಬಂದವು? ಅಕ್ಕಪಕ್ಕದ ಕೋಶಗಳನ್ನು ನೋಡಿ ಊಹಿಸಿದವು. ಚಿತ್ರದ ಮೂರನೆಯ ಎರಡು ಭಾಗ ಅನುಮಾನಪ್ರಮಾಣದಿಂದ ಸಿದ್ಧವಾದುದು, ಪ್ರತ್ಯಕ್ಷದಿಂದಲ್ಲ. ಊಹೆ ನುರಿತದ್ದಾದುದರಿಂದ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ತೆಳುವಾದ ಗೆರೆ, ಚಿಕ್ಕ ಚುಕ್ಕೆ, ಒತ್ತೊತ್ತಾದ ನಾರಿನ ರೇಖೆ ಇವು ಬಂದಲ್ಲಿ ಅದು ಎಡವುತ್ತದೆ. ತಾಡವೋಲೆಯಲ್ಲಿ ಇರುವುದು ಇವೇ.

ಊಹೆಯ ಅನಂತರ ಇತರ ಸಂಸ್ಕಾರಗಳು ಬರುತ್ತವೆ. ದೀಪದ ಬಣ್ಣವನ್ನು ಕಳೆದು ಬಿಳಿಯದನ್ನು ಬಿಳಿಯದಾಗಿಸುವುದು, ಬೆಳಕು ನೆರಳುಗಳ ವ್ಯತ್ಯಾಸವನ್ನು ಕಣ್ಣಿಗೆ ಹಿತವಾಗುವಂತೆ ಏರಿಸುವುದು, ಮಂದಬೆಳಕಿನಲ್ಲಿ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುವ ಕಣಗಳನ್ನು ಒರೆಸುವುದು, ಅಂಚುಗಳನ್ನು ಹರಿತಗೊಳಿಸುವುದು. ಇವನ್ನೆಲ್ಲ ಕ್ಯಾಮೆರಾ ಕ್ಷಣಾರ್ಧದಲ್ಲಿ, ಯಾರನ್ನೂ ಕೇಳದೆ ಮಾಡಿಬಿಡುತ್ತದೆ. ಮದುವೆಯ ಮನೆಯ ಮುಖಗಳಿಗೂ ಸಮುದ್ರತೀರದ ಸೂರ್ಯಾಸ್ತಕ್ಕೂ ಒಪ್ಪುವಂತೆ ರೂಪಿಸಿದ ಸಂಸ್ಕಾರಗಳಿವು. ಎಣ್ಣೆ ಸವರಿದ ಶ್ರೀತಾಳದ ಗರಿಯನ್ನು ಇವುಗಳ ಕರ್ತೃಗಳು ಮನಸ್ಸಿನಲ್ಲಿಟ್ಟುಕೊಂಡಿರಲಾರರು.

ಕಚ್ಚಾ ಕಡತದಲ್ಲಿ ಪ್ರತಿ ಅಳತೆಗೂ ಸಾಮಾನ್ಯವಾಗಿ 12 ಅಥವಾ 14 ಬಿಟ್‌ಗಳ ಸ್ಥಳವಿರುತ್ತದೆ. ಎಂದರೆ ಅತಿಕಪ್ಪಿನಿಂದ ಅತಿಬಿಳುಪಿನವರೆಗೆ 4,096 ಅಥವಾ 16,384 ಮೆಟ್ಟಿಲುಗಳು. ಬಳಕೆಯ ಜೆಪೆಗ್ ಚಿತ್ರದಲ್ಲಿ ಬಣ್ಣವೊಂದಕ್ಕೆ ಇರುವುದು 256 ಮೆಟ್ಟಿಲುಗಳು ಮಾತ್ರ. ಅನಂತರ ಅಡಕಗೊಳಿಸುವ ಕ್ರಿಯೆ. ಚಿತ್ರವನ್ನು ಎಂಟು ಬಿಂದು ಅಗಲ ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ 64 ತರಂಗರೂಪಗಳ ಮೊತ್ತವಾಗಿ ಬರೆದು, ಕಣ್ಣು ಗುರುತಿಸಲಾರದೆಂದು ಎಣಿಸಿದ ಸೂಕ್ಷ್ಮ ತರಂಗಗಳನ್ನು ಒರಟಾಗಿಸಿ ಅಥವಾ ತೊರೆದು ಉಳಿಸುವ ವಿಧಾನವಿದು. 1992ರಲ್ಲಿ ರೂಪುಗೊಂಡ ಈ ಅಂತರರಾಷ್ಟ್ರೀಯ ಮಾನದಂಡದ ಹೃದಯವಾದ ಗಣಿತವನ್ನು 1974ರಲ್ಲಿ ಪ್ರಕಟಿಸಿದ ಮೂವರಲ್ಲಿ ಮೊದಲಿಗರು ನಾಸಿರ್ ಅಹಮದ್, ಉಳಿದಿಬ್ಬರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಅಹಮದರು ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿಯೇ ಪದವಿ ಪಡೆದವರು. ಜಗತ್ತಿನ ಚಿತ್ರಗಳೆಲ್ಲ ಹಾಯ್ದುಹೋಗುವ ಈ ಬಾಗಿಲನ್ನು ನಿರ್ಮಿಸಿದವರಲ್ಲಿ ಕನ್ನಡನಾಡಿನಲ್ಲಿ ಬೆಳೆದವರೊಬ್ಬರು ಇದ್ದರೆಂಬುದು ಇಲ್ಲಿ ಹೆಚ್ಚಿನವರಿಗೆ ತಿಳಿಯದು. ಆ ಗಣಿತದಲ್ಲಿ ದೋಷವೇನೂ ಇಲ್ಲ. ಯಾವುದನ್ನು ತೊರೆಯಬಹುದೆಂಬ ತೀರ್ಮಾನ ಮಾತ್ರ ಸಾಮಾನ್ಯ ನೋಟಕ್ಕೆ ಹೊಂದಿಸಿದುದು, ಲಿಪಿಶಾಸ್ತ್ರಜ್ಞನ ನೋಟಕ್ಕಲ್ಲ.

ಇನ್ನು ಓಲೆಯ ಕಡೆಗೆ ಬರೋಣ. ದಕ್ಷಿಣದ ಓಲೆಗಳಲ್ಲಿ ಬಹುಪಾಲು ಕಂಟದಿಂದ ಕೊರೆದವು. ಕೊರೆದ ಗೀರಿಗೆ ಕಾಡಿಗೆ ತುಂಬಿ ಒರೆಸಿದಾಗ ಅಕ್ಷರ ಕಾಣುತ್ತದೆ. ಕಾಲ ಕಳೆದಂತೆ ಕಾಡಿಗೆ ಉದುರುತ್ತದೆ, ಓಲೆ ಕಂದುತ್ತದೆ. ಕಪ್ಪು ಗೀರಿಗೂ ಕಪ್ಪಾದ ಓಲೆಗೂ ನಡುವಣ ಅಂತರ ಅತ್ಯಲ್ಪವಾಗಿ ಉಳಿಯುತ್ತದೆ. ಇಂತಹ ಕಪ್ಪುಪ್ರದೇಶದಲ್ಲಿಯೇ ಕ್ಯಾಮೆರಾದ ಸಂಸ್ಕಾರ ಹೆಚ್ಚು ನಿರ್ದಯವಾಗಿರುತ್ತದೆ. ಚಿತ್ರ ಕಳೆಗಟ್ಟಲೆಂದು ನೆರಳನ್ನು ಇನ್ನಷ್ಟು ಕೆಳಕ್ಕೆ ಒತ್ತುವುದು ಅದರ ಸ್ವಭಾವ. ಕಚ್ಚಾ ಕಡತದಲ್ಲಿ ಹತ್ತಾರು ಮೆಟ್ಟಿಲುಗಳ ಅಂತರದಲ್ಲಿದ್ದ ಗೀರು ಮತ್ತು ಹಿನ್ನೆಲೆ ಜೆಪೆಗ್‌ನಲ್ಲಿ ಒಂದೇ ಮೆಟ್ಟಿಲಿಗೆ ಬಂದು ನಿಲ್ಲಬಹುದು. ಒಮ್ಮೆ ಹಾಗೆ ನಿಂತ ಮೇಲೆ ಯಾವ ಉಪಾಯದಿಂದಲೂ ಅವುಗಳನ್ನು ಮರಳಿ ಬೇರ್ಪಡಿಸಲಾಗದು. ಇಂತಹ ಚಿತ್ರವನ್ನು ತೆರೆಯ ಮೇಲೆ ಎಷ್ಟು ಬೆಳಗಿಸಿದರೂ ಕಾಣುವುದು ಬೆಳಗಿದ ಕತ್ತಲೆಯಷ್ಟೆ.

ಅಂಚನ್ನು ಹರಿತಗೊಳಿಸುವ ಸಂಸ್ಕಾರದ ಕೇಡು ಬೇರೆ ಬಗೆಯದು. ಅದು ಕಪ್ಪು ಗೆರೆಯ ಮಗ್ಗುಲಲ್ಲಿ ಸಣ್ಣದೊಂದು ಬೆಳ್ಳನೆಯ ಗೆರೆಯನ್ನು ಹುಟ್ಟಿಸಿ ಕಣ್ಣಿಗೆ ಸ್ಪಷ್ಟತೆಯ ಭ್ರಮೆಯನ್ನು ಉಂಟುಮಾಡುತ್ತದೆ. ಕಾಡಿಗೆ ಉದುರಿದ ಗೀರು ಓಲೆಯ ಮೇಲೆ ಬೆಳ್ಳನೆಯ ಗೆರೆಯಾಗಿಯೇ ಕಾಣುವುದೆಂಬುದನ್ನು ಓಲೆ ಓದಿದವರೆಲ್ಲ ಬಲ್ಲರು. ಹೀಗಾಗಿ ಲಿಪಿಕಾರ ಕೊರೆದ ಗೆರೆಯಾವುದು, ಯಂತ್ರ ಸೃಷ್ಟಿಸಿದ ಗೆರೆಯಾವುದು ಎಂಬ ಸಂದೇಹ ಬಂದಾಗ ಜೆಪೆಗ್ ಒಂದನ್ನೇ ಹಿಡಿದು ಉತ್ತರಿಸಲಾಗದು.

ಇದಕ್ಕಿಂತ ಸೂಕ್ಷ್ಮವಾದುದು ಸೊನ್ನೆಯ ಪ್ರಶ್ನೆ. ಪ್ರಾಕೃತ ಕೃತಿಗಳ ಹಳಗನ್ನಡ ಲಿಪಿಯ ಪ್ರತಿಗಳಲ್ಲಿ ವ್ಯಂಜನದ ಹಿಂದೆ ಬರುವ ಸೊನ್ನೆಯು ಕೆಲವೆಡೆ ಅನುಸ್ವಾರವನ್ನೂ ಕೆಲವೆಡೆ ಆ ವ್ಯಂಜನದ ದ್ವಿತ್ವವನ್ನೂ ಸೂಚಿಸುತ್ತದೆಂಬುದು ಈ ಕ್ಷೇತ್ರದವರಿಗೆ ಹೊಸತಲ್ಲ. ಸೊನ್ನೆಯೊಂದು ಇದೆಯೋ ಇಲ್ಲವೋ ಎಂಬುದರ ಮೇಲೆ ಪದದ ರೂಪವೂ ಛಂದಸ್ಸಿನ ಮಾತ್ರೆಯೂ ನಿಂತಿವೆ. ಅಂಗುಲಕ್ಕೆ 300 ಬಿಂದುಗಳ ಪ್ರಮಾಣದಲ್ಲಿ ತೆಗೆದ ಚಿತ್ರದಲ್ಲಿ ಒಂದು ಮಿಲಿಮೀಟರಿಗೆ ಸುಮಾರು 12 ಬಿಂದುಗಳು ಬರುತ್ತವೆ. ಕಾಲು ಮಿಲಿಮೀಟರ್ ಅಗಲದ ಗುರುತಿಗೆ ದೊರೆಯುವುದು ಮೂರು ಬಿಂದುಗಳು. ಮೂರು ಬಿಂದುಗಳ ಚುಕ್ಕೆಯನ್ನು ಕಣಗಳನ್ನು ಒರೆಸುವ ಸಂಸ್ಕಾರ ಮರಳಿನ ಕಣವೆಂದೇ ಬಗೆಯಬಹುದು. ಹುಳು ಕೊರೆದ ರಂಧ್ರವಾದರೋ ಇದಕ್ಕೆ ವಿಪರೀತ: ಸೊನ್ನೆಯಲ್ಲದುದು ಸೊನ್ನೆಯಂತೆ ತೋರುತ್ತದೆ. ಗರಿಯ ಹಿಂದೆ ಓಲೆಯ ಬಣ್ಣವೂ ಕಾಡಿಗೆಯ ಬಣ್ಣವೂ ಅಲ್ಲದ ಹಾಸನ್ನು ಹಾಕಿ ಚಿತ್ರ ತೆಗೆದಿದ್ದರೆ, ಕಚ್ಚಾ ಕಡತದ ನೆರಳನ್ನು ಮೇಲೆತ್ತಿದಾಗ ರಂಧ್ರದೊಳಗೆ ಹಾಸಿನ ಬಣ್ಣ ಇಣುಕುತ್ತದೆ, ಕಾಡಿಗೆಯ ಚುಕ್ಕೆಯಲ್ಲಿ ಇಣುಕುವುದಿಲ್ಲ, ನಿರ್ಣಯ ಸುಲಭವಾಗುತ್ತದೆ. ಜೆಪೆಗ್ ಚಿತ್ರಗಳಲ್ಲಿ ವರ್ಣಾಂಶವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುವ ರೂಢಿ ವ್ಯಾಪಕವಾಗಿದೆ. ನಾಲ್ಕು ಬಿಂದುಗಳಿಗೆ ಸೇರಿ ಒಂದೇ ಬಣ್ಣ ಉಳಿದ ಮೇಲೆ ಮೂರು ಬಿಂದುಗಳ ಚುಕ್ಕೆ ರಂಧ್ರವೋ ಸೊನ್ನೆಯೋ ಎಂದು ಬಣ್ಣದಿಂದ ತಿಳಿಯುವ ದಾರಿ ಬಹಳಮಟ್ಟಿಗೆ ಮುಚ್ಚಿಹೋಗುತ್ತದೆ.

ಅಡಕಗೊಳಿಸುವ ಯಂತ್ರ ಅಕ್ಷರವನ್ನು ಮಸುಕುಮಾಡಬಹುದು, ಬದಲಿಸಲಾರದು ಎಂಬ ಧೈರ್ಯ ಕೆಲವರಲ್ಲಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಬೆಳಕಿಗೆ ತಂದ ಸಂಗತಿ ಈ ಧೈರ್ಯವನ್ನು ಕಳೆಯುತ್ತದೆ. ಜೆರಾಕ್ಸ್ ಸಂಸ್ಥೆಯ ಕೆಲವು ಪ್ರತಿಯಂತ್ರಗಳು ಕಟ್ಟಡದ ನಕ್ಷೆಯೊಂದನ್ನು ಪ್ರತಿಮಾಡಿದಾಗ ಮೂರು ಕೊಠಡಿಗಳ ಮೇಲಿದ್ದ 14.13, 21.11, 17.42 ಎಂಬ ಮೂರು ಬೇರೆಬೇರೆ ವಿಸ್ತೀರ್ಣಗಳ ಸ್ಥಾನದಲ್ಲಿಯೂ 14.13 ಎಂದೇ ಮೂಡಿತು. ಆರರ ಜಾಗದಲ್ಲಿ ಎಂಟು ಬಂದ ನಿದರ್ಶನಗಳೂ ದೊರೆತವು. ಅದು ಜೆಪೆಗ್‌ಗಿಂತ ಭಿನ್ನವಾದ, ‘ಜೆಬಿಗ್ 2’ ಎಂಬ ವಿಧಾನ. ಒಂದನ್ನೊಂದು ಹೋಲುವ ಆಕೃತಿಗಳನ್ನು ಒಂದೇ ಎಂದು ಭಾವಿಸಿ, ಒಂದನ್ನು ಮಾತ್ರ ಉಳಿಸಿ, ಉಳಿದೆಡೆ ಅದನ್ನೇ ಅಂಟಿಸುವುದು ಅದರ ಕ್ರಮ. ಪ್ರತಿಯಲ್ಲಿ ಅಂಕಿಗಳು ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿಯೇ ಇದ್ದವು; ಆದುದರಿಂದಲೇ ಯಾರಿಗೂ ಸಂಶಯ ಬರಲಿಲ್ಲ. ಪ ಮತ್ತು ವ, ದ ಮತ್ತು ಧ, ಬ ಮತ್ತು ಭ ಎಂಬ ಜೋಡಿಗಳ ನಡುವೆ ಒಂದು ಸೀಳಿನಷ್ಟೇ ವ್ಯತ್ಯಾಸವಿರುವ ಲಿಪಿಯ ಓದುಗನಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಅಜಾಗರೂಕ ಲಿಪಿಕಾರನು ಮಾಡುವ ತಪ್ಪನ್ನೇ ಯಂತ್ರವೂ ಮಾಡಿತು.

ಲಿಪಿಕಾರರ ಪ್ರತಿಪರಂಪರೆಯಲ್ಲಿ ಒಂದು ಪದ ಹೇಗೆ ಜಾರಿಹೋಗುತ್ತದೆ, ಅದು ಮರಳಿ ಬರಲು ಏನು ಬೇಕಾಗುತ್ತದೆ ಎಂಬುದಕ್ಕೆ ಷಟ್ಖಂಡಾಗಮದ ಸಂಪಾದನೆಗಿಂತ ಉತ್ತಮವಾದ ಉದಾಹರಣೆ ದೊರೆಯದು. ಧವಲಾಟೀಕೆಯ ಪ್ರಾಚೀನ ತಾಡವೋಲೆಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದುಬಂದವು. ಅವುಗಳಿಂದ ಇಳಿಸಿಕೊಂಡ ಕನ್ನಡ ಲಿಪಿಯ ಪ್ರತಿ, ಅದರಿಂದ ನಾಗರಿಯ ಪ್ರತಿ, ಅದರಿಂದ ಇನ್ನೊಂದು, ಹೀಗೆ ಪ್ರತಿಗಳು ಉತ್ತರಭಾರತದಲ್ಲಿ ಹರಡಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಮರಾವತಿಯಿಂದ ಹೊರತಂದಾಗ ಅವರಿಗೆ ಆಧಾರವಾಗಿದ್ದುದು ಇಂತಹ ಪ್ರತಿಯ ಪ್ರತಿಗಳೇ ಹೊರತು ಓಲೆಗಳಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮಾನುಷಿಯರ ಗುಣಸ್ಥಾನಗಳನ್ನು ಹೇಳುವೆಡೆ, ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಧೋರಣೆಯನ್ನೂ ಪ್ರಕರಣದ ಸಂಗತಿಯನ್ನೂ ಗಮನಿಸಿದ ಸಂಪಾದಕರಿಗೆ ಆ ಪದ ಅಲ್ಲಿ ಇರಬೇಕಾಗಿತ್ತೆಂದು ತೋರಿತು. ಆದರೆ ಅವರು ಅದನ್ನು ಸೂತ್ರದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದ್ರವ್ಯಸ್ತ್ರೀ ಭಾವಸ್ತ್ರೀ ವಿಚಾರಕ್ಕೆ ತಗುಲಿದ ಪದವಾದುದರಿಂದ ವಿದ್ವಾಂಸರಲ್ಲಿಯೂ ತ್ಯಾಗಿಗಳಲ್ಲಿಯೂ ದೀರ್ಘವಾದ ವಿವಾದ ನಡೆಯಿತು. ಮುಂದೆ ಮೂಡಬಿದಿರೆಯ ಗರಿಗಳನ್ನು ತಾಳೆ ನೋಡುವ ಅವಕಾಶ ಬಂದಾಗ ಆ ಪದ ಓಲೆಯಲ್ಲಿ ಇದ್ದುದು ಕಂಡುಬಂದಿತು.

ಪಕ್ಕದಲ್ಲಿಯೇ ‘ಸಂಜದಾಸಂಜದ’ ಎಂಬ ಪದವಿದೆ. ಒಂದೇ ಅಕ್ಷರಗುಂಪು ಮರುಕಳಿಸುವ ಇಂತಹ ತಾಣಗಳಲ್ಲಿ ಪ್ರತಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಿಗಿಯುವುದು ಗ್ರಂಥಸಂಪಾದನೆಯಲ್ಲಿ ತೀರ ಪರಿಚಿತವಾದ ಸ್ಖಾಲಿತ್ಯ. ಹೋಲುವುದನ್ನು ಒಂದೇ ಎಂದು ಬಗೆದ ಜರ್ಮನಿಯ ಪ್ರತಿಯಂತ್ರಕ್ಕೂ ಈ ಸ್ಖಾಲಿತ್ಯಕ್ಕೂ ಸ್ವಭಾವದಲ್ಲಿ ಹೆಚ್ಚಿನ ಭೇದವಿಲ್ಲ. ಪ್ರಕೃತ ಮುಖ್ಯವಾದ ಅಂಶಗಳು ಎರಡು. ಓಲೆ ಉಳಿದಿದ್ದುದರಿಂದ ವಿವಾದಕ್ಕೆ ಪ್ರಮಾಣ ದೊರೆಯಿತು. ಸಂಪಾದಕರು ತಮ್ಮ ಊಹೆಯನ್ನು ಪಾಠದಲ್ಲಿ ಕರಗಿಸದೆ ಬೇರೆಯಾಗಿ ಬರೆದಿಟ್ಟಿದ್ದುದರಿಂದ ಊಹೆ ಯಾವುದು, ಪ್ರತಿಯ ಸಾಕ್ಷ್ಯ ಯಾವುದು ಎಂಬುದು ಓದುಗರಿಗೆ ತಿಳಿದೇ ಇತ್ತು. ಜೆಪೆಗ್ ಒಂದನ್ನೇ ಉಳಿಸಿ ಕಚ್ಚಾ ಕಡತವನ್ನು ಅಳಿಸುವ ಭಂಡಾರವು ಈ ಎರಡನ್ನೂ ಕಳೆದುಕೊಳ್ಳುತ್ತದೆ. ಅಲ್ಲಿ ಊಹೆ ಪಾಠದೊಳಗೆ ಸೇರಿಹೋಗಿರುತ್ತದೆ, ಅಡಿಟಿಪ್ಪಣಿ ಇರುವುದಿಲ್ಲ, ಮೂಲದ ಅಳತೆಯೂ ಇರುವುದಿಲ್ಲ. ಓಲೆಯಾದರೂ ಇದೆಯಲ್ಲ ಎಂದರೆ, ಚಿತ್ರ ತೆಗೆದ ದಿನವಿದ್ದ ಓಲೆ ಮೂವತ್ತು ವರ್ಷಗಳ ಮೇಲೆ ಹಾಗೆಯೇ ಇರುತ್ತದೆಂದು ಹೇಳುವವರು ಯಾರು? ಗೆದ್ದಲು, ತೇವ, ಮುರಿದ ಅಂಚು ಇವುಗಳ ಕಾರಣದಿಂದಲೇ ಛಾಯಾಗ್ರಹಣ ಬೇಕಾದುದು.

ಇಷ್ಟನ್ನು ಕೇಳಿದವರು ರಾ ಕಡತವೇ ಓಲೆಗೆ ಸಮಾನವೆಂದು ತೀರ್ಮಾನಿಸಬಹುದು. ಅದೂ ಸರಿಯಲ್ಲ. ಹಳೆಯ ಕಾಲದ ನೆಗೆಟಿವ್‌ನೊಡನೆ ಅದನ್ನು ಹೋಲಿಸುವ ವಾಡಿಕೆಯುಂಟು. ಆದರೆ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ. ಮೈಕ್ರೋಫಿಲ್ಮಿನ ಸುರುಳಿಯನ್ನು ಭೂತಗನ್ನಡಿಯಿಂದಲೂ ಓದಬಹುದು. ಕಚ್ಚಾ ಕಡತವನ್ನು ಬಿಡಿಸುವ ತಂತ್ರಾಂಶವಿಲ್ಲದೆ ಅದು ಅಂಕಿಗಳ ರಾಶಿ. ಆ ಅಂಕಿಗಳ ಜೋಡಣೆಯಾದರೂ ಒಂದೊಂದು ತಯಾರಕನದು ಒಂದೊಂದು ಬಗೆ. ಹಲವರು ಅದನ್ನು ಬಹಿರಂಗಪಡಿಸಿಲ್ಲ. 2005ರಲ್ಲಿ ನಿಕಾನ್ ಸಂಸ್ಥೆಯ ಒಂದು ಕ್ಯಾಮೆರಾ ಬಿಳಿಯ ಸಮತೋಲವನ್ನು ಸೂಚಿಸುವ ಅಂಕಿಗಳನ್ನು ಗೂಢಲಿಪಿಯಲ್ಲಿ ಬರೆಯುತ್ತಿದ್ದುದು ಹೊರಬಿದ್ದಾಗ ಛಾಯಾಗ್ರಾಹಕ ವಲಯದಲ್ಲಿ ದೊಡ್ಡ ಕೋಲಾಹಲವೇ ಆಯಿತು. ತಾನು ತೆಗೆದ ಚಿತ್ರದ ಬಣ್ಣವನ್ನು ತಾನೇ ಅರಿಯಲು ತಯಾರಕನ ಅನುಮತಿ ಬೇಕೆ ಎಂಬುದು ಪ್ರಶ್ನೆಯಾಗಿತ್ತು. 1997ರಿಂದ ಡೇವ್ ಕಾಫಿನ್ ಎಂಬೊಬ್ಬ ಕ್ರಮವಿಧಿಕಾರನು ಈ ನಾನಾ ಜೋಡಣೆಗಳನ್ನು ಒಂದೊಂದಾಗಿ ಬಿಡಿಸಿ ಅದರ ಕೀಲಿಯನ್ನು ಎಲ್ಲರಿಗೂ ತೆರೆದಿಟ್ಟನು. ಅನೇಕ ತಂತ್ರಾಂಶಗಳು ಅವನ ಶ್ರಮದ ಮೇಲೆ ನಿಂತವು. ಅಳಿದ ಲಿಪಿಯನ್ನು ಬಿಡಿಸಿ ಓದಿದವರ ಸಾಲಿನಲ್ಲಿ ಅವನನ್ನು ನಿಲ್ಲಿಸಿದರೆ ತಪ್ಪಾಗದು. 2004ರಲ್ಲಿ ಅಡೋಬಿ ಸಂಸ್ಥೆ ‘ಡಿಎನ್‌ಜಿ’ ಎಂಬ ಬಹಿರಂಗ ರೂಪವನ್ನು ಪ್ರಕಟಿಸಿದುದರಿಂದ ಈ ತೊಡಕು ಸ್ವಲ್ಪ ಸಡಿಲವಾಗಿದೆ, ನೀಗಿಲ್ಲ.

ಕಚ್ಚಾ ಎಂಬ ಹೆಸರೂ ಪೂರ್ತಿ ನಂಬತಕ್ಕುದಲ್ಲ. ಸೋನಿ ಕ್ಯಾಮೆರಾಗಳು ಬಹುಕಾಲ ಬಳಸುತ್ತಿದ್ದ ಕ್ರಮದಲ್ಲಿ ಹದಿನಾರು ಅಳತೆಗಳ ಗುಂಪಿಗೆ ಅತಿಹೆಚ್ಚು ಅತಿಕಡಮೆ ಬೆಲೆಗಳೆರಡನ್ನು 11 ಬಿಟ್‌ಗಳಲ್ಲಿಯೂ, ಉಳಿದ ಹದಿನಾಲ್ಕನ್ನು ಅವುಗಳಿಂದಿರುವ ಅಂತರವಾಗಿ 7 ಬಿಟ್‌ಗಳಲ್ಲಿಯೂ ಬರೆಯಲಾಗುತ್ತಿತ್ತು. ಕಡುಕಪ್ಪು ಕಡುಬಿಳುಪುಗಳು ತಾಗುವ ಅಂಚಿನಲ್ಲಿ ಇದರಿಂದ ವಿಕಾರಗಳು ಕಂಡವು. ಬಳಕೆದಾರರ ಆಕ್ಷೇಪದ ಮೇಲೆ 2015ರಲ್ಲಿ ಅಡಕಗೊಳಿಸದ ರೂಪವೂ ದೊರೆಯಿತು. 2020ರಲ್ಲಿ ಆಪಲ್ ಸಂಸ್ಥೆ ತನ್ನ ದೂರವಾಣಿಗಳಿಗೆ ತಂದ ‘ಪ್ರೊರಾ’ ಎಂಬುದಂತೂ ಹಲವು ಚಿತ್ರಗಳನ್ನು ಬೆರೆಸಿ, ಬಣ್ಣದ ಊಹೆಯನ್ನೂ ಮುಗಿಸಿ ಅನಂತರ ಉಳಿಸಿದುದು. ಹೆಸರಿನಲ್ಲಿ ಮಾತ್ರ ಕಚ್ಚಾ, ಪಾಕದಲ್ಲಿ ಅರ್ಧ ಬೆಂದದ್ದು. ಭಂಡಾರಗಳಿಗೆ ಭೇಟಿ ಕೊಡುವ ಸಂಶೋಧಕರು ಈಗ ಕೈಯಲ್ಲಿರುವ ದೂರವಾಣಿಯಿಂದಲೇ ಗರಿಗಳ ಚಿತ್ರ ತೆಗೆದುಕೊಳ್ಳುತ್ತಾರಾದುದರಿಂದ ಇದನ್ನು ಉಪೇಕ್ಷಿಸುವಂತಿಲ್ಲ. 2023ರ ಮಾರ್ಚಿನಲ್ಲಿ, ಬೇಕೆಂದೇ ಮಸುಕುಗೊಳಿಸಿದ ಚಂದ್ರನ ಚಿತ್ರವನ್ನು ತೆರೆಯ ಮೇಲಿಟ್ಟು ಸ್ಯಾಮ್‌ಸಂಗ್ ದೂರವಾಣಿಯೊಂದರಿಂದ ಛಾಯಾಚಿತ್ರ ತೆಗೆದಾಗ ಮಸುಕಿನಲ್ಲಿ ಇಲ್ಲದ ಕಲೆಗಳೂ ಕುಳಿಗಳೂ ಚಿತ್ರದಲ್ಲಿ ಮೂಡಿದ ವೃತ್ತಾಂತ ಪ್ರಸಿದ್ಧವಾಗಿದೆ. ಚಂದ್ರ ಹೇಗಿರುತ್ತಾನೆಂಬುದನ್ನು ಮೊದಲೇ ಕಲಿತಿದ್ದ ಯಂತ್ರ ತಾನು ಕಾಣದುದನ್ನು ತುಂಬಿಕೊಟ್ಟಿತು. ಲಿಪಿಯನ್ನು ಕಲಿತ ಯಂತ್ರವೊಂದು ತ್ರುಟಿತ ಭಾಗದಲ್ಲಿ ಅಕ್ಷರವನ್ನು ತುಂಬಿಕೊಡಲಾರದೆಂದು ಹೇಳಲಾಗದು. ಆವರಣ ಚಿಹ್ನೆಯೊಳಗೆ ತುಂಬಿದರೆ ಅದು ಸಂಪಾದನೆ. ಚಿಹ್ನೆಯಿಲ್ಲದೆ ತುಂಬಿದರೆ ಅದಕ್ಕೆ ಸಂಪಾದನಶಾಸ್ತ್ರದಲ್ಲಿ ಪ್ರಕ್ಷೇಪವೆಂದೇ ಹೆಸರು.

ಕಡತದ ಬಗೆಯೊಂದನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು ಎಂಬುದನ್ನೂ ಹೇಳಬೇಕು. ಬೆಳಕು ನೇರವಾಗಿ ಮೇಲಿನಿಂದ ಬಿದ್ದರೆ ಕಾಡಿಗೆ ಉದುರಿದ ಗೀರು ಯಾವ ಕಡತದಲ್ಲಿಯೂ ಕಾಣದು. ಪಕ್ಕದಿಂದ ಓರೆಯಾಗಿ ಬಿದ್ದರೆ ಗೀರಿನ ನೆರಳೇ ಅಕ್ಷರವಾಗುತ್ತದೆ. ಬೆಳಕು ಮಿತಿಮೀರಿ ಕೋಶಗಳು ತುಂಬಿಹೋದರೆ 14 ಬಿಟ್‌ಗಳೂ ವ್ಯರ್ಥ. ಭಂಡಾರಗಳಿಗೆ ಒಪ್ಪಿಸುವ ‘ಟಿಫ್’ ಕಡತಗಳ ವಿಷಯವೂ ಹೀಗೆಯೇ. 1986ರಲ್ಲಿ ಹುಟ್ಟಿದ ಈ ರೂಪವು ನಷ್ಟವಿಲ್ಲದೆ ಚಿತ್ರವನ್ನು ಕಾಪಾಡಬಲ್ಲುದು. ಅದರ ರಚನೆ ಬಹಿರಂಗವಾಗಿದೆ. ಆದುದರಿಂದ ದೀರ್ಘಕಾಲದ ಸಂರಕ್ಷಣೆಗೆ ಯೋಗ್ಯವೆಂದು ಗ್ರಂಥಭಂಡಾರಗಳು ಒಪ್ಪಿವೆ. ಆದರೆ ಜೆಪೆಗ್‌ನಲ್ಲಿ ತೆಗೆದ ಚಿತ್ರವನ್ನು ತೆರೆದು ಟಿಫ್ ಎಂದು ಮರಳಿ ಉಳಿಸಿದರೆ ಗಾತ್ರ ಬೆಳೆಯುತ್ತದೆಯೇ ಹೊರತು ಗುಣವಲ್ಲ. ಗುತ್ತಿಗೆಯ ಷರತ್ತು ಟಿಫ್ ಬೇಕೆಂದು ಹೇಳಿ, ಅದು ಯಾವುದರಿಂದ ಹುಟ್ಟಿರಬೇಕೆಂದು ಹೇಳದಿದ್ದಾಗ ಈ ಅಡ್ಡದಾರಿ ತೆರೆದಿರುತ್ತದೆ. ತಪ್ಪಾದ ಕಾಗದದ ಪ್ರತಿಯನ್ನು ತಾಮ್ರಪಟದ ಮೇಲೆ ಕೆತ್ತಿಸಿದರೆ ಪಾಠ ಶುದ್ಧವಾಗುವುದೆ?

ಸಂಸ್ಕಾರವೇ ಹೇಯವೆಂದು ಇದರಿಂದ ಭಾವಿಸಬೇಕಾಗಿಲ್ಲ. ಬರಿಗಣ್ಣಿಗೆ ಕಾಣದುದನ್ನು ಸಂಸ್ಕಾರವೇ ಕಾಣಿಸಿಕೊಟ್ಟ ಸಂದರ್ಭಗಳಿವೆ. ಉಡುಪಿಯ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಪ್ರತಿಯನ್ನು ಅಮೆರಿಕದ ರೊಚೆಸ್ಟರ್ ತಾಂತ್ರಿಕ ವಿದ್ಯಾಲಯದ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಮೊದಲಾದವರ ತಂಡವು ಛಾಯಾಗ್ರಹಣಕ್ಕೆ ಒಳಪಡಿಸಿದ ಕಾರ್ಯ 2006ರಲ್ಲಿ ವರದಿಯಾಯಿತು. ಕಂದಿದ ಓಲೆಗೂ ಮಸಿಗೂ ನಡುವಣ ಭೇದವು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಡಗಿದ್ದರೂ ಅವಗೆಂಪು ಕಿರಣಗಳಲ್ಲಿ ಎದ್ದುತೋರುತ್ತದೆಂಬುದನ್ನು ಅವರು ಬಳಸಿಕೊಂಡರು. ಉದ್ದವಾದ ಗರಿಯನ್ನು ತುಂಡುತುಂಡಾಗಿ ಸೆರೆಹಿಡಿದು ಗಣಕದಲ್ಲಿ ಜೋಡಿಸಿದರು. ಆ ತಂಡದ ಈಸ್ಟನ್ ಇದಕ್ಕೆ ಮೊದಲೇ ಆರ್ಕಿಮಿಡೀಸನ ಅಳಿಸಿ ಬರೆದ ಚರ್ಮಗ್ರಂಥವನ್ನು ಓದಿಸುವ ಕಾರ್ಯದಲ್ಲಿ ತೊಡಗಿದ್ದವರು. ಆ ಗ್ರಂಥದ ಚಿತ್ರಗಳನ್ನು 2008ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಾಗ ಸಂಸ್ಕರಿಸಿದ ಚಿತ್ರಗಳನ್ನಷ್ಟೇ ಕೊಡದೆ, ಬೇರೆಬೇರೆ ಬಣ್ಣದ ಬೆಳಕಿನಲ್ಲಿ ತೆಗೆದ ಬಿಡಿಚಿತ್ರಗಳನ್ನೂ ವಿವರಗಳೊಡನೆ ಕೊಡಲಾಯಿತು. ಸಂಸ್ಕರಿತ ಚಿತ್ರವನ್ನು ನಂಬದವನು ತಾನೇ ಬೇರೊಂದು ಸಂಸ್ಕಾರವನ್ನು ಮಾಡಿ ನೋಡಬಹುದು. ಪಾಠಾಂತರಗಳನ್ನು ಕೆಳಗೆ ಕೊಟ್ಟು ಮೇಲೆ ತನ್ನ ನಿರ್ಣಯವನ್ನು ಮಂಡಿಸುವ ಸಂಪಾದಕನ ಶಿಸ್ತು ಇದೇ.

ಸ್ಥಳವೂ ಹಣವೂ ಎಲ್ಲಿಂದ ಬರಬೇಕೆಂಬುದು ಪಾಲಕರ ಪ್ರಶ್ನೆ, ಅದು ಸಣ್ಣದಲ್ಲ. 240 ಲಕ್ಷ ಬಿಂದುಗಳ ಕ್ಯಾಮೆರಾದ 14 ಬಿಟ್ ಕಡತ ಅಡಕಗೊಳಿಸದಿದ್ದರೆ ಸುಮಾರು 42 ಮೆಗಾಬೈಟ್ ಆಗುತ್ತದೆ. ಅದರಿಂದ ಮಾಡಿದ 16 ಬಿಟ್ ಟಿಫ್ 144 ಮೆಗಾಬೈಟ್. ಜೆಪೆಗ್ ಆದರೆ ಹತ್ತರೊಳಗೇ ಮುಗಿಯಬಹುದು. ಇನ್ನೂರು ಗರಿಗಳ ಒಂದು ಕಟ್ಟಿನ ಎರಡೂ ಮೈಗಳ ಕಚ್ಚಾ ಕಡತಗಳು ಸುಮಾರು 17 ಗಿಗಾಬೈಟ್, ಟಿಫ್‌ಗಳು 58. ಎರಡು ಬೇರೆ ಊರುಗಳಲ್ಲಿ ಇಡಬೇಕೆಂದರೆ ಇದು ಇಮ್ಮಡಿ. ಸಾವಿರ ಕಟ್ಟುಗಳ ಭಂಡಾರಕ್ಕೆ ಎಲ್ಲವನ್ನೂ ಉಳಿಸುವುದು ಹೊರೆಯೇ. ಆದರೆ ಒಂದನ್ನು ಬಿಡಲೇಬೇಕಾದಾಗ ಟಿಫನ್ನು ಬಿಡಬಹುದು, ಕಚ್ಚಾ ಕಡತದಿಂದ ಅದನ್ನು ಮರಳಿ ಪಡೆಯಬಹುದಾದುದರಿಂದ; ಹಾಗೆ ಬಿಡುವ ಭಂಡಾರವು ಕಡತವನ್ನು ಬಹಿರಂಗ ರೂಪಕ್ಕೆ ಪರಿವರ್ತಿಸಿಟ್ಟಿರಬೇಕು, ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡುತ್ತಿರಬೇಕು. ಜೆಪೆಗ್‌ನಿಂದ ಕಚ್ಚಾ ಕಡತವನ್ನು ಪಡೆಯಲಾಗದು. ಮತ್ತೊಮ್ಮೆ ಕಟ್ಟನ್ನು ಬಿಚ್ಚಿ, ಒಣಗಿದ ಗರಿಗಳನ್ನು ಒಂದೊಂದಾಗಿ ಎತ್ತಿ ಇಟ್ಟು ಚಿತ್ರ ತೆಗೆಯುವ ವೆಚ್ಚದ ಎದುರಿಗೆ, ಅದಕ್ಕಿಂತ ಮಿಗಿಲಾಗಿ ಆ ಎತ್ತಿಡುವಿಕೆಯಲ್ಲಿ ಮುರಿಯುವ ಗರಿಗಳ ಎದುರಿಗೆ, 17 ಗಿಗಾಬೈಟ್ ದುಬಾರಿಯಲ್ಲ.

ಓದುವುದಕ್ಕೆ, ಹಂಚುವುದಕ್ಕೆ, ಅಚ್ಚಿನಲ್ಲಿ ಮಾದರಿಯಾಗಿ ಕೊಡುವುದಕ್ಕೆ ಜೆಪೆಗ್ ಚೆನ್ನಾಗಿಯೇ ಸಲ್ಲುತ್ತದೆ. ನೂರು ಗರಿಗಳಲ್ಲಿ ತೊಂಬತ್ತನ್ನು ಅದರಿಂದಲೇ ಓದಿ ಮುಗಿಸಬಹುದು. ಸಂದೇಹದ ಹತ್ತು ಗರಿಗಳಿಗೆ ಮಾತ್ರ ಕಚ್ಚಾ ಕಡತವನ್ನು ತೆರೆಯಬೇಕಾಗುತ್ತದೆ. ಹಾಗೆ ತೆರೆದಾಗ ನೆರಳನ್ನು ಎಷ್ಟು ಎತ್ತಲಾಯಿತು, ಯಾವ ಬಣ್ಣದ ಅಂಶವನ್ನು ಮಾತ್ರ ತೆಗೆದುಕೊಳ್ಳಲಾಯಿತು, ಹರಿತಗೊಳಿಸುವಿಕೆ ಇತ್ತೆ ಇಲ್ಲವೆ ಎಂಬುದನ್ನು ಬರೆದಿಟ್ಟರೆ ಇನ್ನೊಬ್ಬ ವಿದ್ವಾಂಸನು ಅದೇ ದಾರಿಯಲ್ಲಿ ನಡೆದು ಅದೇ ಸೊನ್ನೆಯನ್ನು ಕಾಣಬಹುದು, ಅಥವಾ ಅದು ಸೊನ್ನೆಯಲ್ಲವೆಂದು ತೋರಿಸಬಹುದು. ಗರಿಯ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಗೊತ್ತಾದ ಬಣ್ಣಗಳ ಫಲಕವನ್ನೂ ಇಟ್ಟು ತೆಗೆದ ಚಿತ್ರಕ್ಕೆ ಈ ಪರೀಕ್ಷೆಯಲ್ಲಿ ಬೆಲೆ ಹೆಚ್ಚು. ಪೀಠಿಕೆಯಲ್ಲಿ ಪ್ರತಿಗಳನ್ನು ಪರಿಚಯಿಸುವಾಗ ‘ಕ’ ಪ್ರತಿ, ಗರಿಗಳು ಇಷ್ಟು, ಪಂಕ್ತಿಗಳು ಇಷ್ಟು ಎಂದು ಬರೆಯುವ ಸಾಲಿನಲ್ಲಿಯೇ, ಓಲೆಯನ್ನು ನೋಡಿದ್ದೋ ಬಿಂಬವನ್ನೋ, ಬಿಂಬವಾದರೆ ಯಾವ ವರ್ಷದ್ದು, ಯಾವ ಬೆಳಕಿನದು, ಕಚ್ಚಾ ಕಡತ ಎಲ್ಲಿದೆ ಎಂಬ ನಾಲ್ಕು ಮಾತುಗಳಿಗೆ ಸ್ಥಳ ಹೆಚ್ಚು ಬೇಕಾಗದು.